ಚಂಪಕ್ಕ ಉಂಡ ಪುಂಡಿಪಲ್ಯ

ಚಂಪಕ್ಕನ ಚಾದಂಗಡಿಗೆ ಮಧ್ಯಾಹ್ನ ಹನ್ನೆರಡೂವರೆಗೆ ಹೋದರೆ ಬೆಂಚಿನ ಮೇಲೆ ಜಾಗ ಸಿಗುತ್ತದೆ. ಒಂದು ಗಂಟೆಗೆ ಹೋದರೆ ತಟ್ಟೆ ಕೈಯಲ್ಲಿ ಹಿಡಿದು ಬಾಗಿಲಿಗೆ ಒರಗಿಕೊಂಡು ಉಣ್ಣಬೇಕು. ಒಂದೂವರೆಗೆ ಹೋದವರಿಗೆ ಚಹಾ ಮಾತ್ರ. ನಾನು ಹದಿನೇಳು ವರ್ಷದಿಂದ ಹನ್ನೆರಡು ಇಪ್ಪತ್ತಕ್ಕೇ ಹೋಗುವವನು. ಟೈಪಿಂಗ್ ಕಲಿಸುವ ಮಾಸ್ತರನಿಗೆ ಬೇರೇನೂ ಇಲ್ಲದಿದ್ದರೂ ಹೊತ್ತಿನ ಶಿಸ್ತು ಇರುತ್ತದೆ, ಅದರಲ್ಲೂ ಹೊಟ್ಟೆಯ ವಿಷಯದಲ್ಲಿ.

ನಮ್ಮೂರಿನಲ್ಲಿ ತಾನು ಬೇಯಿಸಿದ್ದು ತನಗೆ ರುಚಿಸುವುದಿಲ್ಲ. ಕೆಟ್ಟದಾಗಿರುತ್ತದೆ ಎಂದಲ್ಲ, ರುಚಿಯೇ ಇರುವುದಿಲ್ಲ. ಪಕ್ಕದವನು ಕೈ ನೆಕ್ಕಿಕೊಂಡು ಉಣ್ಣುವ ಸಾರು ಅದನ್ನು ಮಾಡಿದವಳ ಬಾಯಿಗೆ ಬರೀ ಬಿಸಿನೀರು. ಉಪ್ಪೂ ತಿಳಿಯದು, ಖಾರವೂ ತಿಳಿಯದು. ಯಾಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ. ನಮ್ಮ ಅಜ್ಜಂದಿರು ಕೇಳಿಕೊಂಡಿರಲಿಲ್ಲ, ನಾವೂ ಕೇಳಿಕೊಂಡಿಲ್ಲ. ಹಸಿದವನು ಕಾರಣ ಹುಡುಕುತ್ತ ಕೂರುವುದಿಲ್ಲ, ಪಕ್ಕದ ಮನೆಯ ಬಾಗಿಲು ಬಡಿಯುತ್ತಾನೆ. ಹಾಗಾಗಿ ನಮ್ಮ ಓಣಿಗಳಲ್ಲಿ ದಿನಾ ಮಧ್ಯಾಹ್ನ ಸಣ್ಣ ಸಣ್ಣ ಡಬ್ಬಿಗಳು ರಸ್ತೆ ದಾಟುತ್ತವೆ. ಈ ಮನೆಯಲ್ಲಿ ಅಡಿಗೆ ಮಾಡಿದವಳ ಊಟ ಆ ಮನೆಯಿಂದ, ಆ ಮನೆಯವಳದು ಈ ಮನೆಯಿಂದ. ಬೆಳಿಗ್ಗೆ ನಲ್ಲಿಯ ಹತ್ತಿರ ಜುಟ್ಟು ಹಿಡಿದುಕೊಂಡವರು ಮಧ್ಯಾಹ್ನದೊಳಗೆ ರಾಜಿಯಾಗಲೇಬೇಕು. ಹೆಣ್ಣು ನೋಡಲು ಬಂದ ಗಂಡಿಗೆ ಅನ್ನಸಾರು ಮಾಡಲು ಬರುತ್ತದೋ ಇಲ್ಲವೋ ಎಂದು ಹೆಣ್ಣಿನ ಕಡೆಯವರು ಮೊದಲೇ ಕೇಳಿಬಿಡುತ್ತಾರೆ, ಯಾಕೆಂದರೆ ಮುಂದೆ ಆಕೆಯೂ ಉಣ್ಣಬೇಕಲ್ಲ.

ನನ್ನಂಥ ಒಂಟಿ ಗಂಡಸರ ಪಾಡು ಬೇರೆ. ಮೊದಲು ನಾನು ಪಕ್ಕದ ಕೋಣೆಯ ಡ್ರಾಯಿಂಗ್ ಮಾಸ್ತರನಿಗೆ ಬೇಯಿಸಿ ಹಾಕುತ್ತಿದ್ದೆ, ಅವನು ನನಗೆ. ನನ್ನ ಅಡಿಗೆ ತಿಂದೂ ನಾಲ್ಕು ವರ್ಷ ಅವನು ಸ್ನೇಹ ಬಿಡಲಿಲ್ಲ. ಐದನೆಯ ವರ್ಷ ಮದುವೆ ಮಾಡಿಕೊಂಡ. ಅಂದಿನಿಂದ ನನಗೆ ಚಂಪಕ್ಕನೇ ಗತಿ. ಆ ಬೆಂಚಿನ ಮೇಲೆ ಕೂರುವ ಮೂವತ್ತು ಮಂದಿಯಲ್ಲಿ ಹೆಚ್ಚಿನವರು ಹೀಗೆಯೇ, ಒಂಟಿ ಒಲೆಯವರು.

ಅಂಗಡಿಯ ಮುಂಭಾಗದಲ್ಲಿ ಅವಳ ಗಂಡ ಈರಬಸಪ್ಪ ಚಹಾ ಕುದಿಸುತ್ತಿದ್ದ, ಹಿಂದಿನ ಕೋಣೆಯಲ್ಲಿ ಚಂಪಕ್ಕ ಅಡಿಗೆ ಮಾಡುತ್ತಿದ್ದಳು. ಆಕೆ ಅವನ ಚಹಾ ಕುಡಿಯುತ್ತಿದ್ದಳು, ಅವನು ಆಕೆಯ ಅಡಿಗೆ ಉಣ್ಣುತ್ತಿದ್ದ. ಆಕೆಯ ಊಟದ ಡಬ್ಬಿ ಮಾತ್ರ ಎದುರು ಮನೆಯ ಇಮಾಂಬಿಯಿಂದ ಬರುತ್ತಿತ್ತು. ಮೂವತ್ತೊಂದು ವರ್ಷ ಈ ವ್ಯವಸ್ಥೆ ಗಡಿಯಾರದ ಹಾಗೆ ನಡೆಯಿತು. ದಿನಾ ಹನ್ನೆರಡಕ್ಕೆ ಈರಬಸಪ್ಪ ಟವೆಲ್ಲಿಗೆ ಕೈ ಒರೆಸಿಕೊಂಡು ಒಳಗೆ ಹೋಗುವನು. ಚಂಪಕ್ಕ ಅವನ ಅಂಗೈ ಮೇಲೆ ಒಂದು ಚಮಚ ಪಲ್ಯ ಹಾಕುವಳು. ಅವನು ನೆಕ್ಕಿ, ಉಪ್ಪು ಬೇಕಾದರೆ ಉಪ್ಪು ಬೇಕು ಎನ್ನುವನು, ಬೇಡದಿದ್ದರೆ "ಆತು" ಎನ್ನುವನು. ಹೊಗಳಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಆದರೆ ಅವನ ಆ ಒಂದು ಮಾತು ಬಿದ್ದ ಮೇಲೆಯೇ ತಟ್ಟೆಗಳು ಹೊರಗೆ ಬರುತ್ತಿದ್ದವು.

ಹೋದ ವರ್ಷ ದೀಪಾವಳಿ ಕಳೆದು ಹದಿನೈದು ದಿನಕ್ಕೆ ಈರಬಸಪ್ಪ ತೀರಿಕೊಂಡ. ಚಹಾ ಸೋಸುತ್ತ ಸೋಸುತ್ತಲೇ ಗೋಡೆಗೆ ಒರಗಿದ, ಅಷ್ಟೇ. ಅರ್ಧ ತಿಂಗಳು ಅಂಗಡಿ ಮುಚ್ಚಿತ್ತು. ಮತ್ತೆ ತೆರೆದ ದಿನ ನಾನು ಎಂದಿನಂತೆ ಹನ್ನೆರಡು ಇಪ್ಪತ್ತಕ್ಕೆ ಹೋಗಿ ಅಡಿಗೆಕೋಣೆಯ ಬಾಗಿಲ ಪಕ್ಕ, ಬೆಂಚಿನ ಮೊದಲ ಜಾಗದಲ್ಲಿ ಕೂತೆ. ಅಲ್ಲಿ ಕೂರುವವನಿಗೆ ನಮ್ಮೂರಿನಲ್ಲಿ ಒಂದು ಜವಾಬ್ದಾರಿ ಇದೆ. ಮನೆಯಾಗಲಿ, ಮದುವೆಯಾಗಲಿ, ಅಂಗಡಿಯಾಗಲಿ, ಮೊದಲ ತಟ್ಟೆ ಪಡೆದವನು ಮೊದಲ ತುತ್ತು ನುಂಗಿ, ಏನು ಕಡಿಮೆ, ಏನು ಹೆಚ್ಚು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಅದಕ್ಕೆ ತುತ್ತಿನ ಮಾತು ಎನ್ನುತ್ತೇವೆ. ಮಾಡಿದವರು ಬೇಸರ ಮಾಡಿಕೊಳ್ಳುವುದಿಲ್ಲ, ಅವರಿಗೆ ತಿಳಿಯುವುದು ಬೇರೆ ಹೇಗೆ? ಬೇರೆ ಯಾವ ಸುಳ್ಳನ್ನಾದರೂ ನಮ್ಮವರು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ತುತ್ತಿನ ಮಾತಿನಲ್ಲಿ ಸುಳ್ಳಾಡಿದವನನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಆ ಅಂಗಡಿಯಲ್ಲಿ ಅದುವರೆಗೆ ಆ ಮಾತು ಈರಬಸಪ್ಪನದು, ಅಂದು ನನ್ನ ಪಾಲಿಗೆ ಬಂತು.

ಅಂದು ಪುಂಡಿಪಲ್ಯ. ಪುಂಡಿ ಎಂಬ ಹುಳಿ ಸೊಪ್ಪು, ಬೇಳೆ, ಜೋಳದ ನುಚ್ಚು ಹಾಕಿ ಚಂಪಕ್ಕ ಮಾಡುವ ಆ ಪಲ್ಯಕ್ಕೆ ಜನ ಎರಡು ಓಣಿ ದಾಟಿ ಬರುತ್ತಾರೆ. ರೊಟ್ಟಿ ಮುರಿದು ತುತ್ತು ಬಾಯಿಗೆ ಇಟ್ಟೆ. ಉಪ್ಪೇ ಇರಲಿಲ್ಲ. ಕಡಿಮೆಯಲ್ಲ, ಒಂದು ಕಾಳೂ ಇರಲಿಲ್ಲ. ತಲೆ ಎತ್ತಿದರೆ ಚಂಪಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಬಾತಿದ್ದವು.

"ಹೇಳ್ರಿ ಮಾಸ್ತರ," ಎಂದಳು.

"ಆತ್ರಿ ಅಕ್ಕಾರ," ಎಂದೆ.

ಸತ್ತವನ ಮಾತು ನನ್ನ ಬಾಯಿಗೆ ಯಾಕೆ ಬಂತೋ ತಿಳಿಯದು. ಹೇಳಿದ ಮೇಲೆ ಮುಗಿಯಿತು. ಮೊದಲ ತಟ್ಟೆಯವನು ಸರಿ ಎಂದ ಮೇಲೆ ಹಿಂದಿನವರು ಅಡ್ಡ ಮಾತಾಡುವುದಿಲ್ಲ. ಛತ್ರಿ ರಿಪೇರಿ ಮಾಡುವ ತೋಟಪ್ಪಜ್ಜ, ಆ ಅಂಗಡಿಯ ಎಲ್ಲರಿಗಿಂತ ಹಳೆಯ ಗಿರಾಕಿ, ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಆಕೆಯನ್ನು ನೋಡಿದ, ಉಪ್ಪಿನಕಾಯಿ ಹೆಚ್ಚಿಗೆ ಹಾಕಿಸಿಕೊಂಡು ಉಂಡ. ಮೂವತ್ತು ಮಂದಿಯೂ ಉಂಡು, ಛಲೋ ಆಗೇತಿ ಎಂದು ಕೈ ತೊಳೆದು ಹೋದರು. ಒಳ್ಳೆಯ ಕೆಲಸ ಮಾಡಿದೆವು ಎಂದೇ ನಾವೆಲ್ಲ ತಿಳಿದಿದ್ದೆವು.

ಚಂಪಕ್ಕ ದಿನಾ ಬೆಳಿಗ್ಗೆ ಆ ದಿನದ ಉಪ್ಪನ್ನು ಒಂದು ಹಿತ್ತಾಳೆ ಬಟ್ಟಲಿಗೆ ತೆಗೆದಿಟ್ಟುಕೊಂಡು, ಅದಷ್ಟನ್ನೂ ಅಡಿಗೆಗೆ ಹಾಕಿ ಮುಗಿಸುವವಳು. ಮರುದಿನ ನಾವು ಕೂತ ಮೇಲೆ ಆ ಬಟ್ಟಲು ತಂದು ಬೆಂಚಿನ ಮೇಲೆ, ನನ್ನ ಎದುರಿಗೇ ಇಟ್ಟಳು. ಕಂಠಮಟ್ಟ ತುಂಬಿತ್ತು.

"ಇದು ನಿನ್ನೀದು," ಎಂದಳು. "ಸಂಜೀಕ ಪಾತ್ರಿ ತೊಳಿಯೂಮುಂದ ನೋಡಿದೆ. ಮೂವತ್ತು ಮಂದಿ ಉಂಡ್ರಿ. ಮೂವತ್ತು ಮಂದಿಗೂ ನಾಲಿಗಿ ಇರಲಿಲ್ಲೇನು?"

ಬಟ್ಟಲು ನೋಡುತ್ತ ನಾನೇ, "ನಿಮ್ಮ ದುಃಖ ನೋಡಿ ಹೇಳಾಕ ಮನಸಾಗಲಿಲ್ರಿ," ಎಂದೆ.

"ದುಃಖ ನನಗಾಗಿತ್ತು ಮಾಸ್ತರ, ಪಲ್ಯಕ್ಕ ಆಗಿರಲಿಲ್ಲ." ಆಕೆಯ ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. "ಇಷ್ಟು ದಿನ ಮನಿಯವರು ಆತು ಅಂತಿದ್ರು, ನಾ ನಂಬಿ ಬಡಸ್ತಿದ್ದೆ. ಈಗ ಯಾರನ್ನ ನಂಬ್ಲಿ? ಉಪ್ಪಿಲ್ಲದ್ದನ್ನ ಛಲೋ ಆಗೇತಿ ಅಂದೋರು ಇಷ್ಟು ವರ್ಷ ಏನೇನು ಮುಚ್ಚಿಟ್ಟೀರೋ. ಬ್ಯಾರೆ ಕಡೆ ಗತಿ ಇಲ್ಲಂತ ಉಂಡಿದ್ರೂ ಉಂಡಿರಬೇಕು. ಈ ಅಮಾಸಿ ತನಕ ಊಟ ಹಾಕತೇನಿ. ಆಮ್ಯಾಲ ಬರೇ ಚಾ."

ತೋಟಪ್ಪಜ್ಜ ಸಮಾಧಾನದ ದನಿಯಲ್ಲಿ, "ಹಂಗ್ಯಾಕ ತಂಗಿ? ಏನ ಮಾಡಿದ್ರ ನಂಬತಿ, ಹೇಳು," ಎಂದ.

"ನನ್ನ ಕೈ ಅಡಿಗಿ ನಾನ ಒಮ್ಮೆ ಉಂಡು ನೋಡಬೇಕು. ಮಂದಿಗೆ ಬಡಸೋ ಹಂಗ ಇದ್ರ ಬಡಸ್ತೇನಿ, ಇಲ್ಲಾಂದ್ರ ಇಲ್ಲ."

"ಅದು ಆಗೂ ಮಾತಲ್ಲ."

"ಆಗದಿದ್ರ ಬ್ಯಾಡ," ಎಂದು ಆಕೆ ಒಳಗೆ ಹೋದಳು.

ಬಟ್ಟಲನ್ನು ಅಲ್ಲಿಯೇ ಬಿಟ್ಟು ಹೋಗಿದ್ದಳು. ಅಂದಿನ ಊಟ ಚೆನ್ನಾಗಿಯೇ ಇತ್ತು, ಆದರೆ ನನಗೆ ಇಳಿಯಲಿಲ್ಲ. ಮೂವತ್ತು ಮಂದಿಯ ಊಟ ತಪ್ಪುವುದು ಒಂದು. ಅದಕ್ಕಿಂತ, ಮೂವತ್ತೊಂದು ವರ್ಷ ಒಲೆಯ ಮುಂದೆ ನಿಂತ ಹೆಂಗಸು ತನ್ನ ಕೈಯ ಮೇಲಿನ ನಂಬಿಕೆ ಕಳೆದುಕೊಂಡಳಲ್ಲ, ಅದು ನನ್ನ ಒಂದು ಮಾತಿನಿಂದ ಆದದ್ದು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮೊದಲು ಉಪಾಯ ಹೇಳಿದವಳು ಇಮಾಂಬಿ. ಓಣಿಯಲ್ಲಿ ಚಂಪಕ್ಕನನ್ನು ಬಿಟ್ಟರೆ ಅವಳದೇ ಹೆಸರು. "ನೀ ಹೆಂಗ ಮಾಡತೀಯೋ ಹಂಗ ನಾ ಮಾಡತೇನಿ, ನೀ ಉಣ್ಣು. ನನ್ನ ಕೈಯಿಂದ ಆದದ್ದು ನಿನಗ ರುಚಿ ಹತ್ತತೈತಿ. ನಿಂದ ಅಡಿಗಿ ಉಂಡಂಗ ಆತು," ಎಂದಳು. ಎಷ್ಟು ಸರಳ ಎಂದು ನಮಗೆಲ್ಲ ಹಿಗ್ಗಾಯಿತು. ಇಮಾಂಬಿ ಒಂದು ಇಡೀ ಬೆಳಿಗ್ಗೆ ಚಂಪಕ್ಕನ ಪಕ್ಕ ನಿಂತು ನೋಡಿ, ಮರುದಿನ ಪುಂಡಿಪಲ್ಯ ಮಾಡಿ ತಂದಳು. ಚಂಪಕ್ಕ ಒಂದು ತುತ್ತು ಉಂಡು ನಕ್ಕಳು. "ಛಲೋ ಆಗೇತಿ. ಆದ್ರ ಇದು ನಿಂದು ಇಮಾಂಬಿ. ದಿನಾ ನಿನ್ನ ಡಬ್ಬಿ ಉಣ್ಣಾಕಿಗೆ ನಿನ್ನ ಕೈ ಗೊತ್ತಾಗೂದಿಲ್ಲೇನು?" ಇಮಾಂಬಿ ಒಪ್ಪಿಕೊಂಡಳು. ಬೆಳ್ಳುಳ್ಳಿ ಹಾಕುವಾಗ ಕೈ ತಾನಾಗಿಯೇ ಎರಡು ಎಸಳು ಹೆಚ್ಚು ಹಾಕಿತ್ತಂತೆ. ಬೇರೆ ಏನೇನು ಮಾಡಿತ್ತೋ ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಮಡಿವಾಳರ ಶಾಂತಾಬಾಯಿ ಮಾಡಿದಳು, ಅದರಲ್ಲಿ ಬೆಲ್ಲ ಬಂತು. ಅಡಿಗೆ ಬಲ್ಲವರ ಕಷ್ಟವೇ ಇದು. ಇನ್ನೊಬ್ಬರ ಹಾಗೆ ಮಾಡಲು ಹೋಗಿ ಇನ್ನೊಬ್ಬರಿಗಿಂತ ಚೆನ್ನಾಗಿ ಮಾಡಿಬಿಡುತ್ತಾರೆ. ಅಷ್ಟರಲ್ಲಿ ಅಮಾವಾಸ್ಯೆಗೆ ಎಂಟು ದಿನ ಉಳಿದಿತ್ತು.

ಆಗ ನನಗೆ ನನ್ನ ಕಸುಬು ನೆನಪಾಯಿತು. ನನ್ನ ಇನ್‌ಸ್ಟಿಟ್ಯೂಟಿಗೆ ಸೇರಿದವರಿಗೆ ನಾನು ಹೇಳುವ ಮೊದಲ ಮಾತು ಇಷ್ಟೇ: ಮುಂದಿಟ್ಟ ಕಾಗದದಲ್ಲಿ ಏನಿದೆಯೋ ಅದನ್ನು ಹೊಡಿ. ತಪ್ಪಿದ್ದರೆ ತಪ್ಪನ್ನೂ ಹೊಡಿ. ತಿದ್ದುವುದು ನಿನ್ನ ಕೆಲಸವಲ್ಲ. ಬುದ್ಧಿವಂತರು ಈ ಪಾಠದಲ್ಲೇ ಫೇಲಾಗುತ್ತಾರೆ, ಅರ್ಜಿಯ ಭಾಷೆ ತಿದ್ದಲು ಹೋಗಿ ಬೈಸಿಕೊಳ್ಳುತ್ತಾರೆ. ನಾನು ಇಪ್ಪತ್ತಾರು ವರ್ಷ ಒಂದು ಅಕ್ಷರವನ್ನೂ ತಿದ್ದದೆ ಬದುಕಿದವನು.

ನಾನು ಮಾಡುತ್ತೇನೆ ಎಂದಾಗ ಬೆಂಚೆಲ್ಲ ನಕ್ಕಿತು. "ಮಾಸ್ತರ ಮಾಡಿದ್ದನ್ನ ನಾಯಿ ಸೈತ ಮೂಸೂದಿಲ್ಲ," ಎಂದ ತೋಟಪ್ಪಜ್ಜ. ಚಂಪಕ್ಕ ಮಾತ್ರ ನಗಲಿಲ್ಲ.

"ನಿಮಗ ಅಡಿಗಿ ಏನೂ ಬರೂದಿಲ್ಲ, ಹೌದಿಲ್ರಿ?" ಎಂದು ಕೇಳಿದಳು.

"ಏನೂ ಬರೂದಿಲ್ರಿ."

"ಬ್ಯಾಳಿ ಎಷ್ಟು ಕುದೀಬೇಕು, ಗೊತ್ತೈತೇನು?"

"ನೀವು ಇಳಿಸಿದಾಗ ಇಳಸ್ತೇನ್ರಿ."

"ಹಂಗಾರ ನಾಳೆ ಬರ್ರಿ," ಎಂದಳು.

ಬೆಳಗಿನ ಬ್ಯಾಚಿನವರನ್ನು ಸಂಜೆಗೆ ತಳ್ಳಿ, ಆರು ದಿನ ನಾನು ಆ ಅಡಿಗೆಕೋಣೆಯ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ನಿಂತೆ. ಆರೂ ದಿನ ಆಕೆ ಪುಂಡಿಪಲ್ಯವನ್ನೇ ಮಾಡಿದಳು. ಅವಳದೆಲ್ಲ ಕೈ ಅಂದಾಜು. ನುಚ್ಚು ಒಂದು ಹಿಡಿ ಎಂದರೆ ಅವಳ ಹಿಡಿ, ನನ್ನದಲ್ಲ. ಪ್ರತಿ ಹಿಡಿಯನ್ನೂ ಮೊದಲು ಕಾಗದದ ಮೇಲೆ ಸುರಿಸಿ, ಗುಪ್ಪೆಯ ಸುತ್ತ ಗೆರೆ ಎಳೆದುಕೊಂಡೆ. ಮೆಣಸಿನಕಾಯಿ ಎಣಿಸಿದೆ, ತೊಟ್ಟು ಮುರಿದಳೋ ಇಲ್ಲವೋ ಬರೆದುಕೊಂಡೆ. ಪುಂಡಿಸೊಪ್ಪು ಕುದಿಸಿದ ನೀರನ್ನು ಅದೇ ಪಾತ್ರೆಯಲ್ಲಿ ಉಳಿಸಿ ಅದರಲ್ಲೇ ಬೇಳೆ ಸುರಿದಳು, ಅದನ್ನೂ ಬರೆದುಕೊಂಡೆ. ಸೌಟಿನಿಂದ ಪಾತ್ರೆಯ ಅಂಚಿಗೆ ಎರಡು ಸಲ ಬಡಿದಳು, ಬರೆದುಕೊಂಡೆ. ಹೊಗೆ ಎದ್ದಾಗ ಒಲೆಗೆ "ಸುಡುಗಾಡು ಒಲಿ" ಎಂದು ಬೈದಳು, ಅದಕ್ಕೂ ಒಂದು ಸಾಲು ಕೊಟ್ಟೆ. ಅದರಿಂದ ರುಚಿಗೆ ಏನಾಗುತ್ತದೋ ನನಗೇನು ಗೊತ್ತು? ತಿದ್ದುವುದು ನನ್ನ ಕೆಲಸವಲ್ಲ.

ಹದಿನೇಳು ವರ್ಷ ಆ ಕೋಣೆಯ ಬಾಗಿಲಲ್ಲಿ ಕೂತು ಉಂಡಿದ್ದೆ, ಒಳಗೆ ನಡೆಯುವುದನ್ನು ಒಂದು ದಿನವೂ ನೋಡಿರಲಿಲ್ಲ. ರುಚಿ ತಿಳಿಯದ ಆ ಹೆಂಗಸು ಕಿವಿಯಿಂದ ಅಡಿಗೆ ಮಾಡುತ್ತಿದ್ದಳು. ಬೇಳೆ ಕುದಿಯುವ ಸದ್ದು ಬದಲಾದೊಡನೆ, ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದವಳು ಹಿಂದಕ್ಕೆ ಕೈ ಚಾಚಿ ಮುಚ್ಚಳ ತೆಗೆಯುವಳು. ನುಚ್ಚನ್ನು ಎರಡು ಬೆರಳ ನಡುವೆ ಹಿಸುಕಿ ನೋಡುವಳು. ಒಗ್ಗರಣೆಯ ಬಣ್ಣ ನೋಡಿ ಉಸಿರು ಬಿಗಿಹಿಡಿಯುವಳು. ತನಗೆ ಎಂದೂ ದಕ್ಕದ ಒಂದು ವಸ್ತುವನ್ನು ಇಷ್ಟು ಮುತುವರ್ಜಿಯಿಂದ ಮೂವತ್ತು ಮಂದಿಗೆ ದಿನಾ ಮಾಡಿಕೊಡುವುದೆಂದರೆ ಏನು ಎಂದು ಅಂದು ಮೊದಲ ಸಲ ಯೋಚಿಸಿದೆ. ನಮ್ಮೂರಿನ ಎಲ್ಲ ಅಡಿಗೆಯವರೂ ಹೀಗೆಯೇ ಎಂದು ನೀವು ಹೇಳಬಹುದು. ಹೌದು, ಹೀಗೆಯೇ. ಅದು ಗೊತ್ತಾಗಲು ನನಗೆ ಐವತ್ತೆರಡು ವರ್ಷ ಬೇಕಾಯಿತು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಏಳಕ್ಕೆ ಒಲೆ ಹಚ್ಚಿದೆ. ಚಂಪಕ್ಕನನ್ನು ಹೊರಗೆ ಕೂರಿಸಿ, ನೋಟ್‌ಬುಕ್ಕನ್ನು ಡಬ್ಬಿಗೆ ಒರಗಿಸಿಟ್ಟುಕೊಂಡು ಸಾಲು ಸಾಲಾಗಿ ಮಾಡುತ್ತ ಹೋದೆ. ಎರಡು ಬೆರಳು ಸುಟ್ಟುಕೊಂಡೆ. ಒಲೆಗೆ ಬೈದೆ. ಅಂಚಿಗೆ ಎರಡು ಸಲ ಬಡಿದೆ. ಆದ ಮೇಲೆ ಒಂದು ಚೂರು ಬಾಯಿಗೆ ಹಾಕಿ ನೋಡಿದೆ, ಬಿಸಿನೀರು. ಸರಿಯಾಗಿದೆಯೋ ಇಲ್ಲವೋ ತಿಳಿಯದೆ ಆ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತೆ. ಚಂಪಕ್ಕ ದಿನಾ ಹೀಗೆಯೇ ನಿಂತಿದ್ದಳು.

ಹನ್ನೆರಡೂವರೆಗೆ ಓಣಿಯೇ ಸೇರಿತ್ತು. ಚಂಪಕ್ಕ ಬೆಂಚಿನ ಮೊದಲ ಜಾಗದಲ್ಲಿ ಕೂತಳು. ಆ ಬೆಂಚಿನ ಮೇಲೆ ಆಕೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ರೊಟ್ಟಿ ಇಮಾಂಬಿಯ ಮನೆಯದು. ಪಲ್ಯ ನಾನು ಬಡಿಸಿದೆ. ಆಕೆ ರೊಟ್ಟಿ ಮುರಿದು, ಪಲ್ಯ ಹಿಡಿದು, ಕಣ್ಣು ಮುಚ್ಚಿ ಬಾಯಿಗೆ ಇಟ್ಟಳು. ಅಗಿದಳು. ನುಂಗಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ತುತ್ತಿನ ಮಾತು ಹೇಳಿದಳು.

"ಹುಳಿ ಮುಂದಾತು."

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

"ಪುಂಡಿ ಕುದಿಸಿದ ನೀರು ಚೆಲ್ಲಿದ್ರಿಲ್ಲೋ?" ಎಂದು ಇಮಾಂಬಿ ನನ್ನನ್ನು ಕೇಳಿದಳು. "ಮೊದಲನೇ ನೀರು ಚೆಲ್ಲಬೇಕ್ರಿ ಮಾಸ್ತರ. ಸಣ್ಣ ಕೂಸಿಗೂ ಗೊತ್ತೈತಿ. ಅದರಾಗ ಹುಳಿ ಇರತೈತಿ."

"ಅಕ್ಕಾರು ಚೆಲ್ಲೂದಿಲ್ರಿ," ಎಂದೆ. ನೋಟ್‌ಬುಕ್ಕಿನ ಆ ಪುಟ ತೆಗೆದು ಹಿಡಿದೆ. "ಆರೂ ದಿನ ಚೆಲ್ಲಲಿಲ್ಲ."

ಇಮಾಂಬಿ ಬಾಯಿ ತೆರೆದುಕೊಂಡು ಚಂಪಕ್ಕನ ಕಡೆ ತಿರುಗಿದಳು. ನೀರು ಚೆಲ್ಲುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಪಕ್ಕದಲ್ಲೇ ನಿಂತು ನೋಡಿದ ದಿನವೂ ಚಂಪಕ್ಕ ಚೆಲ್ಲಲಿಲ್ಲ ಎಂಬುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

"ಅಂದ್ರ ಮೊದಲಿಂದ ಹಿಂಗ ಹುಳಿ ಐತೇನು?" ಎಂದು ಚಂಪಕ್ಕ ಬೆಂಚಿನ ಉದ್ದಕ್ಕೂ ನೋಡಿದಳು. "ಈಗರ ಖರೇ ಹೇಳ್ರಿ."

"ಮೊದಲಿಂದ ಹಿಂಗ," ಎಂದ ತೋಟಪ್ಪಜ್ಜ. "ಮೊದಲನೇ ವರ್ಷ ನಾನ ಹೇಳಿದ್ದೆ, ಈರಬಸಪ್ಪನ ಮುಂದ. ಹುಳಿ ಭಾಳ ಆತಪ್ಪ, ನಿನ್ನ ಹೇಣ್ತಿಗೆ ಹೇಳು ಅಂದೆ. ಅಂವ ನನ್ನ ಕೈ ಹಿಡಕೊಂಡ. ಕಾಕಾ, ನನಗ ಹಿಂಗ ಸೇರತೈತಿ, ಆಕಿಗೆ ಹೇಳಬ್ಯಾಡ್ರಿ, ಹೇಳಿದ್ರ ಅಂಗಡಿದು ಬ್ಯಾರೆ ಮಾಡಿ ನನಗ ಬ್ಯಾರೆ ಮಾಡಾಕ ಕೂಡತಾಳ, ಮೊದಲ ಆಕಿಗೆ ಪುರಸೊತ್ತಿಲ್ಲ ಅಂದ. ಆತು ಬಿಡು ಅಂದೆ. ತಿಂಗಳೊಪ್ಪತ್ತಿನಾಗ ನಮಗೂ ಅದ ರುಚಿ ಹತ್ತಿತು. ಈಗ ನೀರು ಚೆಲ್ಲಿ ಮಾಡಿದ್ದ ಕೊಟ್ರ ನಾ ಎದ್ದು ಹೋಗತೇನಿ."

ಚಂಪಕ್ಕ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಸತ್ವ ಹೋಗತೈತಿ ಅಂದಿದ್ರು ನನಗ," ಎಂದಳು. "ಅಂಗಡಿ ತಗದ ಹೊಸತು. ನಾ ನೀರು ಚೆಲ್ಲಾಕ ಹೋದ್ರ ಪಾತ್ರಿ ಹಿಡಕೊಂಡು, ಚೆಲ್ಲಬ್ಯಾಡ, ಎಲ್ಲಾ ಸತ್ವ ಅದರಾಗ ಇರತೈತಿ ಅಂದ್ರು. ಮೂವತ್ತೊಂದು ವರ್ಷ ಸತ್ವ ಸತ್ವ ಅಂತ ಒಂದು ಹನಿ ಚೆಲ್ಲಿಲ್ಲ ನಾನು." ನಗು ಬಂತು ಆಕೆಗೆ, ನಗುತ್ತಿದ್ದ ಹಾಗೆಯೇ ಕಣ್ಣಲ್ಲಿ ನೀರು ಬಂತು. "ಸೇರತೈತಿ ಅಂತ ಒಂದು ಮಾತು ಅನಲಿಲ್ಲ ನೋಡ್ರಿ. ಬರೇ ಆತು, ಆತು."

ಆಕೆ ಇನ್ನೊಂದು ತುತ್ತು ತೆಗೆದುಕೊಂಡು ಬಾಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಅಗಿದಳು.

"ಹಿಂಗಿತ್ತೇನು ಅವರ ಬಾಯಾಗ," ಎಂದಳು ಮೆಲ್ಲಗೆ. ಅದು ನಮಗೆ ಹೇಳಿದ್ದಲ್ಲ.

ತಟ್ಟೆ ಖಾಲಿಯಾಗುವವರೆಗೆ ನಾವು ಕಾದೆವು. ಹಸಿವಿಗೆ ಹೊಟ್ಟೆ ತಾಳ ಹಾಕುತ್ತಿದ್ದರೂ ಯಾರಿಗೂ ಅವಸರ ಅನಿಸಲಿಲ್ಲ. ಉಂಡು ಮುಗಿಸಿ, ಬೆರಳಿಂದ ತಟ್ಟೆ ಬಳಿದು, ಕೈ ತೊಳೆದು ಬಂದ ಮೇಲೆ ಆಕೆ ಕೇಳಿದಳು, "ನಾಳಿಂದ ನೀರು ಚೆಲ್ಲಿ ಮಾಡ್ಲೇನು?"

"ಬ್ಯಾಡ," ಎಂದರು ಮೂವತ್ತು ಮಂದಿ.

"ಮತ್ತ ಉಪ್ಪು ಬಿಟ್ರ?"

"ಹೇಳತೇವಿ," ಎಂದೆ ನಾನು ಎಲ್ಲರಿಗಿಂತ ಮೊದಲು. "ಸತ್ತು ಮಣ್ಣಾಗಿದ್ರೂ ಎದ್ದು ಬಂದು ಹೇಳತೇವಿ ಅಕ್ಕಾರ."

"ಹಂಗಾರ ಕೂಡ್ರಿ," ಎಂದು ಆಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ನಾನು ಮಾಡಿದ್ದನ್ನು ತಾನೇ ಎಲ್ಲರಿಗೂ ಬಡಿಸಿದಳು. ಅಮಾವಾಸ್ಯೆ ಬಂತು, ಹೋಯಿತು. ಊಟ ನಿಲ್ಲಲಿಲ್ಲ.

ಈಗ ಗುರುವಾರಕ್ಕೊಮ್ಮೆ ಪುಂಡಿಪಲ್ಯದ ಅಡಿಗೆ ನನ್ನದು. ಆಕೆಯೇ ಹೇಳಿದ್ದು, ವಾರದಾಗ ಒಂದು ದಿನ ನನಗೂ ಉಣ್ಣೂದು ಇರಲಿ ಎಂದು. ಅಂದು ಚಂಪಕ್ಕ ಬೇಗ ಸ್ನಾನ ಮಾಡಿ, ಗಿರಾಕಿಯ ಹಾಗೆ ಹನ್ನೆರಡು ಇಪ್ಪತ್ತಕ್ಕೇ ಬಂದು ನನ್ನ ಜಾಗ ಹಿಡಿದಿರುತ್ತಾಳೆ. ನಾನು ತಟ್ಟೆ ತಂದಿಡುತ್ತೇನೆ. ಆಕೆ ಮೊದಲ ತುತ್ತು ಉಂಡು, ಓಣಿಯ ತುದಿಗೂ ಕೇಳುವಂತೆ "ಹುಳಿ ಮುಂದಾತು" ಎನ್ನುತ್ತಾಳೆ. ಆಮೇಲೆ, ನಾನು ಒಳಗೆ ತಿರುಗುವುದರೊಳಗೆ ತಟ್ಟೆ ಮುಂದೆ ಚಾಚಿ, "ಇನ್ನೊಂದು ಸೌಟು ಹಾಕ್ರಿ," ಎನ್ನುತ್ತಾಳೆ.